ರೆಸ್ಯೂಮೆಯಲ್ಲಿ ಕಲ್ಲುಗುಂಡಿ

ಪುತ್ತೂರಿನ ಒಬ್ಬ ಕಂಟ್ರಾಕ್ಟರರ ಆಫೀಸಿನಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕಿತು ಎಂದಾಗ ಅಮ್ಮ ಎರಡು ಹೊಸ ಚೂಡಿದಾರ್ ಹೊಲಿದು ಕೊಟ್ಟಳು. ಅವಳಿಗೆ ಕಡಬ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಉಂಟು. ಮಗಳು ಫ್ಯಾನಿನ ಕೆಳಗೆ ಕೂತು ಕಂಪ್ಯೂಟರಿನಲ್ಲಿ ಮನೆಗಳ ಪ್ಲಾನ್ ಬಿಡಿಸುತ್ತಾಳೆ ಎಂದು ಅವಳ ಲೆಕ್ಕ. ನಮ್ಮ ಸಿವಿಲ್ ಡಿಪ್ಲೊಮಾದಲ್ಲಿ ಕೊನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಅದರ ಸರ್ಟಿಫಿಕೇಟು ಇಲ್ಲದಿದ್ದರೆ ಡಿಪ್ಲೊಮಾವೂ ಇಲ್ಲ. ಸೇರಿದ ವಾರವೇ ಕಂಟ್ರಾಕ್ಟರ್ ನನ್ನನ್ನು ಕಲ್ಲುಗುಂಡಿಯ ಸೈಟಿಗೆ ಹಾಕಿದರು. ಸೋಮವಾರ ಮಾತ್ರ ಪುತ್ತೂರಿಗೆ ಹೋಗಿ ವಾರದ ಅಳತೆಗಳನ್ನು ಕೊಟ್ಟು ಬರಬೇಕು. ಚೂಡಿದಾರಿಗೆ ಹಿಡಿದ ಕೆಂಪು ಮಣ್ಣು ಎಷ್ಟು ಒಗೆದರೂ ಹೋಗಲಿಲ್ಲ, ಅಮ್ಮ ಕಂಟ್ರಾಕ್ಟರರಿಗೆ ಹಿಡಿಶಾಪ ಹಾಕುತ್ತಾ ನನ್ನ ಅಣ್ಣನ ಹಳೇ ಶರ್ಟುಗಳನ್ನು ಹುಡುಕಿ ಕೊಟ್ಟಳು.

ಸೈಟು ಮಡಿಕೇರಿ ರಸ್ತೆಯ ಬದಿಯಲ್ಲೇ. ಕೆಳಗೆ ಅಂಗಡಿಗಳು, ಮೇಲೆ ಲಾಡ್ಜು ಬರುವ ಕಟ್ಟಡ. ಹಿಂದೆ ಗುಡ್ಡ. ಗುಡ್ಡವನ್ನು ಕಡಿದು ಸಮತಟ್ಟು ಮಾಡಿ ಕಂಬಗಳ ಫುಟ್ಟಿಂಗಿಗೆ ಗುಂಡಿ ತೋಡುವ ಕೆಲಸ ನಡೆಯುತ್ತಿತ್ತು. ಸೈಟ್ ಇಂಜಿನಿಯರರಿಗೆ ಬೇರೆ ಕಡೆಯೂ ಕೆಲಸಗಳಿದ್ದವು. ಬೈಕಿನಲ್ಲಿ ಬಂದು, ಹೆಲ್ಮೆಟ್ ತೆಗೆಯದೆ ನಾಲ್ಕು ಮಾತು ಹೇಳಿ ಹೋಗಿಬಿಡುತ್ತಿದ್ದರು. ಉಳಿದದ್ದೆಲ್ಲ ಫೋನಿನಲ್ಲಿ, ಆ ಫೋನು ಬರುತ್ತಿದ್ದದ್ದು ನನಗೆ. ನಾನು ಅದನ್ನು ಜೆಸಿಬಿ ಆಪರೇಟರಿಗೂ ಮೇಸ್ತ್ರಿಗೂ ಹೇಳಬೇಕು. ಹೀಗೆ ಸಂಬಳವಿಲ್ಲದ ಇಂಟರ್ನ್ ಒಬ್ಬಳು ಸೈಟಿನಲ್ಲಿ ಕಂಪೆನಿಯ ಬಾಯಿಯಾದಳು. ಮೊದಮೊದಲು ನನಗೆ ಇದರಿಂದ ಕೊಂಬು ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೇಸ್ತ್ರಿ ಕೊಪ್ಪಳದ ಕಡೆಯವರು. ನಾನು ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತರೆ ಅವರಿಗೆ ತಮಾಷೆ.

"ಅಕ್ಕಾರ, ಹಿಂಗ ಬಿಸಿಲಾಗ ನಿಂತು ಕರ್ರಗಾದ್ರ ಗಂಡ ಸಿಗಂಗಿಲ್ಲ ನೋಡ್ರಿ."

"ಸಿಗದಿದ್ರೆ ಕೊಪ್ಪಳಕ್ಕೆ ಬರ್ತೇನೆ. ನೀವೇ ಹುಡುಕಿ ಕೊಡಿ."

"ಅಲ್ಲಿ ಇನ್ನಾ ಬಿಸಿಲೈತ್ರಿ!" ಎಂದು ನಗುತ್ತಿದ್ದರು. ಆಪರೇಟರ್ ಆಲಂಕಾರಿನವರು, ಮಾತು ಕಡಿಮೆ. ನನ್ನನ್ನು ಮೇಡಂ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಸಂಜೆ ನಮ್ಮಿಬ್ಬರದ್ದೂ ಒಂದೇ ಬಸ್ಸು.

ಗುಡ್ಡ ಕಡಿದಾಗ ಹಿಂದೆ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಅರ್ಧಕ್ಕರ್ಧ ಬರೆಗೆ ಬೆನ್ನು ಕೊಟ್ಟು ನಿಂತಿವೆ. ಮೇಲಿನ ಪದರ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಆದರೆ ಅದು ಗೋಡೆಯ ಹಾಗೆ ನಿಲ್ಲುತ್ತದೆ, ಅಜ್ಜಂದಿರು ಕಡಿದ ಬರೆಗಳು ಇನ್ನೂ ಅಲುಗಿಲ್ಲ. ಹಾಗಾಗಿ ಮುರಕಲ್ಲಿನ ಮೇಲೆ ನಮಗೆ ದೇವರ ಮೇಲಿನಷ್ಟೇ ನಂಬಿಕೆ. ಆದರೆ ಮುರಕಲ್ಲು ಮುಗಿದ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು ಇರುತ್ತದೆ. ಬಿಳಿ, ನಸುಗೆಂಪು ಬಣ್ಣ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಸಾಬೂನು. ಅಜ್ಜಂದಿರು ಕೈಯಲ್ಲಿ ಕಡಿಯುತ್ತಿದ್ದರು, ಶೇಡಿ ತಾಗುವಷ್ಟು ಆಳಕ್ಕೆ ಹೋಗುತ್ತಿರಲಿಲ್ಲ. ಜೆಸಿಬಿ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ.

ನಮ್ಮ ಡ್ರಾಯಿಂಗಿನಲ್ಲಿ ಬರೆಗೆ ಮೆಟ್ಟಿಲು ತೋರಿಸಿತ್ತು. ಸ್ವಲ್ಪ ಎತ್ತರ ಕಡಿದು, ಹಿಂದಕ್ಕೆ ಸರಿದು ಮತ್ತೆ ಕಡಿಯಬೇಕು. ಕೆಳಗೆ ಶೇಡಿ ಕಾಣಿಸಿದ ದಿನ ನಾನು ಬರೆಯ ತಲೆಯ ಮೇಲೆ ಹತ್ತಿ ನೋಡಿದೆ. ಹುಲ್ಲಿನ ನಡುವೆ, ಅಂಚಿಗೆ ಸಮನಾಗಿ, ಕೂದಲೆಳೆಯಂಥ ಬಿರುಕು. ಎರಡೂ ಬದಿಗೆ ಗೂಟ ಹೊಡೆದು, ಮೊಳೆ ಬಡಿದು, ನಡುವಿನ ಅಂತರ ಅಳೆದು, ಫೋಟೋ ತೆಗೆದು ಸೈಟ್ ಇಂಜಿನಿಯರರಿಗೆ ವಾಟ್ಸ್ಆ್ಯಪ್ ಮಾಡಿದೆ. ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಮರುದಿನ ಅಂತರ ಹೆಚ್ಚಾಗಿತ್ತು. ಮತ್ತೆ ಕಳಿಸಿದೆ. ಮತ್ತೆ ಹೆಬ್ಬೆರಳು.

ಅದೇ ಮಧ್ಯಾಹ್ನ ಆಪರೇಟರ್ ಯಂತ್ರ ನಿಲ್ಲಿಸಿ ಇಳಿದು ಬಂದರು. "ಮೇಡಂ, ನೀವು ಹಾಕಿದ ಸುಣ್ಣದ ಗೆರೆವರೆಗೆ ಬಂತು. ಇನ್ನೂ ಒಳಗೆ ಹೋಗ್ಲಿಕ್ಕುಂಟಾ? ಕೇಳಿ ಹೇಳಿ." ನನ್ನ ಕೈಯೆಲ್ಲ ಸುಣ್ಣವಾಗಿತ್ತು, ಫೋನನ್ನು ಇಟ್ಟಿಗೆಯ ಮೇಲಿಟ್ಟು ಸ್ಪೀಕರ್ ಹಾಕಿದೆ.

"ಇನ್ನೊಂದು ಬಕೆಟ್ ಅಗಲ ಹೋಗ್ಲಿ," ಎಂದರು ಸೈಟ್ ಇಂಜಿನಿಯರ್. "ಜಾಗದವರಿಗೆ ಹಿಂದೆ ಕಾರು ನಿಲ್ಲಿಸ್ಲಿಕ್ಕೆ ಆಗ್ಬೇಕಂತೆ."

"ಸರ್, ಡ್ರಾಯಿಂಗಿನಲ್ಲಿ ಮೆಟ್ಟಿಲು ಉಂಟು. ಕೆಳಗೆ ಶೇಡಿ ಬಂದಿದೆ. ಮೇಲೆ ಬಿರುಕು..."

"ಮುರಕಲ್ಲು ಮಾರಾಯ್ತಿ ಅದು! ನಿಮ್ಮ ಮನೆ ಹಿಂದೆ ಬರೆ ಇಲ್ವಾ? ಬಿದ್ದಿದೆಯಾ? ಕಡೀಲಿಕ್ಕೆ ಹೇಳು. ನಾನು ಹೇಳಿದೆ ಅಂತ ಹೇಳು."

ಫೋನು ಕಟ್ಟಾಯಿತು. ಆಪರೇಟರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಆದರೂ ನನ್ನ ಮುಖವನ್ನೇ ನೋಡುತ್ತಾ ನಿಂತರು. "ಅಣ್ಣ, ಕಡೀಬೇಕಂತೆ," ಎಂದೆ. ಅವರು ಹತ್ತಿ ಕೂತು ಕಡಿದರು.

ಆ ಸಂಜೆ ಬೇಸಿಗೆ ಮಳೆ ಜೋರಾಗಿ ಬಂತು. ಬೆಳಿಗ್ಗೆ ಫುಟ್ಟಿಂಗಿನ ಗುಂಡಿಯಲ್ಲಿ ನೀರು. ಅದನ್ನು ಬಸಿದು ಅವತ್ತೇ ತಳದ ಕಾಂಕ್ರೀಟ್ ಹಾಕಬೇಕೆಂದು ಫೋನು ಬಂತು. ಮೇಸ್ತ್ರಿ ಬಕೆಟ್ ಹಿಡಿದು ಗುಂಡಿಗೆ ಇಳಿದರು. ನಾನು ರಸ್ತೆಯ ಕಡೆಗೆ ಲೆವೆಲ್ ಯಂತ್ರ ನಿಲ್ಲಿಸಿ ಅದರ ಗುಳ್ಳೆಯನ್ನು ನಡುವಿಗೆ ತರುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ತಲೆಯೆತ್ತಿ ನೋಡಿದಾಗ ಮುರಕಲ್ಲಿನ ಪದರ ಇಡಿಯಾಗಿ ಮುಂದಕ್ಕೆ ಜಾರಿ ಕೂತಿತ್ತು, ಗುಂಡಿ ಇರಲಿಲ್ಲ.

ಆಪರೇಟರ್ ಓಡಿ ಹೋಗಿ ಯಂತ್ರ ಹತ್ತಿದರು. ಬಕೆಟಿನಿಂದ ದೊಡ್ಡ ಕಲ್ಲುಗಳನ್ನು ಸರಿಸಿದರು. ಇನ್ನು ಬಕೆಟಿನ ಹಲ್ಲು ತಾಗಿದರೆ ಮನುಷ್ಯನಿಗೇ ತಾಗುತ್ತದೆ ಎನ್ನುವಲ್ಲಿಗೆ ಬಂದಾಗ ಹಾರಿ ಇಳಿದು ಕೈಯಲ್ಲಿ ತೋಡಿದರು. ನಾವೆಲ್ಲ ತೋಡಿದೆವು. ಒದ್ದೆ ಶೇಡಿ ಕೈಗೆ ಅಂಟುತ್ತದೆ, ಎಳೆದಷ್ಟೂ ಹಿಂದಕ್ಕೆ ಬರುತ್ತದೆ. ಮೇಸ್ತ್ರಿಯ ಮುಖ ಸಿಕ್ಕಿದಾಗ ಬಾಯಿಯೊಳಗಿನ ಮಣ್ಣನ್ನು ತೆಗೆದದ್ದು ಆಪರೇಟರೇ, ತಮ್ಮ ಬೆರಳಿನಿಂದ. ರಸ್ತೆಯಲ್ಲಿ ಹೋಗುತ್ತಿದ್ದ ಜೀಪು ನಿಲ್ಲಿಸಿ ಸುಳ್ಯಕ್ಕೆ ಸಾಗಿಸಿದೆವು. ದಾರಿಯಲ್ಲೇ ಮುಗಿದಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂಗಿ ಅತ್ತೆ. ಯಾರು ನೋಡುತ್ತಾರೆ ಎಂಬ ಪರಿವೆಯೇ ಇರಲಿಲ್ಲ.

ಸೈಟ್ ಇಂಜಿನಿಯರ್ ಬಂದವರೇ ನನ್ನನ್ನು ಬದಿಗೆ ಕರೆದು, "ನೀನು ಮನೆಗೆ ಹೋಗು. ಹೆಣ್ಣುಮಗಳು, ಪೊಲೀಸು ಗಿಲೀಸು ನಿನಗೆ ಬೇಡ," ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ! ಬಸ್ಸು ಹತ್ತಿ ಮನೆಗೆ ಹೋಗಿ ಜ್ವರದಲ್ಲಿ ಮಲಗಿದೆ. ಏಳುವಷ್ಟರಲ್ಲಿ ಸೈಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನಿರಲಿಲ್ಲ. ಸೈಟ್ ಇಂಜಿನಿಯರ್ ತಮ್ಮ ಹೆಬ್ಬೆರಳುಗಳನ್ನು ಅಳಿಸಿದ್ದರು. ಹಾಕಿಕೊಟ್ಟ ಗೆರೆ ಮೀರಿ ಆಪರೇಟರ್ ತನ್ನಿಷ್ಟಕ್ಕೆ ಕಡಿದದ್ದರಿಂದ ಬರೆ ಜರಿಯಿತು ಎಂದು ಕೇಸಾಗಿತ್ತು.

ಕಂಟ್ರಾಕ್ಟರ್ ನನ್ನನ್ನು ಪುತ್ತೂರಿಗೆ ಕರೆಸಿದರು. ಮೊದಲು ಕೂರಿಸಿ ಜ್ಯೂಸ್ ತರಿಸಿ ಕೊಟ್ಟರು. ಆಮೇಲೆ ಸರ್ಟಿಫಿಕೇಟನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಇಡೀ ಅವಧಿ ಪುತ್ತೂರಿನ ಆಫೀಸಿನಲ್ಲಿ ಡ್ರಾಫ್ಟಿಂಗ್ ಮತ್ತು ಎಸ್ಟಿಮೇಟ್ ಕೆಲಸ, ಅತ್ಯುತ್ತಮ ನಡತೆ. ಕಲ್ಲುಗುಂಡಿಯ ಹೆಸರೇ ಇಲ್ಲ.

"ಸರ್, ನಾನು ಸೈಟಿನಲ್ಲಿ ಇದ್ದದ್ದಲ್ವಾ?"

"ಸೋಮವಾರ ಸೋಮವಾರ ಇಲ್ಲಿಗೆ ಬರ್ತಿದ್ದಿಯಲ್ಲ? ಅದೇ. ನಿನ್ನ ರೆಸ್ಯೂಮೆಗೂ ಆಫೀಸಿನ ಅನುಭವವೇ ಚಂದ. ಹುಡುಗಿಯರನ್ನು ಸೈಟಿಗೆ ಯಾರು ತಗೊಳ್ತಾರೆ? ನಿನ್ನ ಒಳ್ಳೇದಕ್ಕೆ ಹೇಳುದು ಮಗಾ."

ತೆಗೆದುಕೊಂಡೆ. ಡಿಪ್ಲೊಮಾ ಬೇಕಿತ್ತು, ಕೆಲಸ ಬೇಕಿತ್ತು. ತಲೆ ಓಡುತ್ತಿರಲಿಲ್ಲ.

ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸರ್ ರೆಸ್ಯೂಮೆ ಬರೆಸುವ ಗಡಿಬಿಡಿಯಲ್ಲಿದ್ದರು. ಮಂಗಳೂರಿನ ದೊಡ್ಡ ಕಂಪೆನಿಯೊಂದು ಸಂದರ್ಶನಕ್ಕೆ ಬರುವುದಿತ್ತು. "ಮಾರ್ಕು ಎಲ್ಲರದ್ದೂ ಒಂದೇ. ನಿಮ್ಮನ್ನು ಬೇರೆ ಮಾಡುದು ಇಂಟರ್ನ್‌ಶಿಪ್ಪಿನ ಸಾಲುಗಳು," ಎನ್ನುತ್ತಿದ್ದರು. ಜಾಗ, ಅವಧಿ, ಹುದ್ದೆ, ಕೆಳಗೆ ಚುಕ್ಕಿ ಇಟ್ಟು ಏನು ಮಾಡಿದೆ ಎಂಬುದು. ಇಂಗ್ಲಿಷಿನ ಪ್ರತಿ ಸಾಲೂ ಗಟ್ಟಿ ಕ್ರಿಯಾಪದದಿಂದ ಶುರುವಾಗಬೇಕು, ಕಲಿತೆ, ನೋಡಿದೆ ಎಂದು ಬರೆಯಬಾರದು. ತನ್ನ ಸೈಟಿನಲ್ಲಿ ಎಲ್ಲರಿಗೂ ಚಾ ತಂದು ಕೊಟ್ಟ ಸಹಪಾಠಿಯೊಬ್ಬ "ತಂಡಗಳ ನಡುವೆ ಸಮನ್ವಯ ಸಾಧಿಸಿದೆ" ಎಂದು ಬರೆದ. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ನನ್ನದನ್ನು ಸರ್ ಸರ್ಟಿಫಿಕೇಟು ನೋಡಿ ತಾವೇ ತಿದ್ದಿ ಕಂಪೆನಿಗೆ ಕಳಿಸಿಬಿಟ್ಟರು. ಆಫೀಸು, ಡ್ರಾಫ್ಟಿಂಗ್, ಎಸ್ಟಿಮೇಟ್. ಓದಲು ಚಂದವಿತ್ತು. ಯಾವಳೋ ಬೇರೆ ಹುಡುಗಿಯ ಜಾತಕದ ಹಾಗೆ.

ಆ ವಾರವೇ ಆಪರೇಟರ್ ಅಮ್ಮನ ಅಂಗಡಿಗೆ ಬಂದರು. ಜಾಮೀನಿನಲ್ಲಿ ಹೊರಗೆ ಬಂದಿದ್ದರು, ಗಡ್ಡ ಬಿಟ್ಟಿದ್ದರು. ಅಮ್ಮ ಸ್ಟೂಲು ಕೊಟ್ಟರೂ ಕೂರಲಿಲ್ಲ.

"ಮೇಡಂ, ನಾನು ಠಾಣೆಯಲ್ಲಿ ನಿಮ್ಮ ಹೆಸರು ಹೇಳಿದೆ. ಫೋನಿನಲ್ಲಿ ಇಂಜಿನಿಯರ್ ಹೇಳಿದ್ದು ಆ ಮೇಡಮಿಗೆ ಗೊತ್ತುಂಟು ಅಂತ. ಪೊಲೀಸರು ಆಫೀಸಿನಲ್ಲಿ ಕೇಳಿದ್ರಂತೆ. ಅಂಥ ಹುಡುಗಿ ಆ ಸೈಟಿಗೆ ಬರ್ಲೇ ಇಲ್ಲ ಅಂತ ಹೇಳಿದ್ರಂತೆ." ಆಮೇಲೆ, "ನೀವು ಇದ್ರಲ್ಲ ಮೇಡಂ?" ಎಂದರು.

ನನ್ನನ್ನೇ ಕೇಳುತ್ತಿದ್ದರು! ಜೊತೆಯಲ್ಲಿ ಮಣ್ಣು ತೋಡಿದವರು, ದಿನಾ ಒಂದೇ ಬಸ್ಸಿನಲ್ಲಿ ಬಂದವರು, ನಾನು ಅಲ್ಲಿದ್ದೆನೋ ಇಲ್ಲವೋ ಎಂದು ಅನುಮಾನ ಬಂದವರಂತೆ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾಚಿಕೆಯೋ ಸಿಟ್ಟೋ ಗೊತ್ತಿಲ್ಲ, ಎರಡೂ ಇರಬೇಕು. "ಇದ್ದೆ ಅಣ್ಣ. ಇದ್ದೆ," ಎಂದೆ.

ಅವರು ಹೋದ ಮೇಲೆ ಅಮ್ಮ ಮೆಷಿನ್ ನಿಲ್ಲಿಸಿದಳು. "ಸತ್ಯ ಹೇಳುದು ಬೇಡ ಅಂತ ನಾನು ಹೇಳುದಿಲ್ಲ. ಕೆಲಸ ಸಿಕ್ಕಿದ ಮೇಲೆ ಹೇಳಿದ್ರೆ ಆಗುದಿಲ್ವಾ?" ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಆ ರಾತ್ರಿ ಅದನ್ನೇ ಯೋಚಿಸಿದೆ.

ಮರುದಿನ ಸುಳ್ಯದ ಠಾಣೆಗೆ ಹೋದೆ. ಹೇಳಿಕೆ ಬರೆದುಕೊಂಡ ಅಧಿಕಾರಿ ಸಾವಧಾನದಿಂದ ಕೇಳಿದರು. ನನ್ನ ಫೋನಿನಲ್ಲಿ ಉಳಿದಿದ್ದ ಬಿರುಕಿನ ಫೋಟೋಗಳನ್ನು ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಫೋಟೋ ಸರಿ ಉಂಟು. ಆದರೆ ನಾಳೆ ಕೋರ್ಟಿನಲ್ಲಿ ಆ ಕಡೆಯ ವಕೀಲರು ಕೇಳುದು ಒಂದೇ ಪ್ರಶ್ನೆ. ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ದು ಅಂತ ನೀನು ಕಾಲೇಜಿಗೆ ಎಂತ ಕೊಟ್ಟಿದ್ದೀ? ಕೆಲಸಕ್ಕೆ ಅರ್ಜಿ ಹಾಕುವಾಗ ಎಂತ ಬರ್ದಿದ್ದೀ?" ಎಂದರು. ಬರೆದದ್ದನ್ನು ಹೇಳಿದೆ. "ಅದನ್ನು ಮೊದಲು ಸರಿ ಮಾಡು. ಇಲ್ಲದಿದ್ರೆ ನಿನ್ನ ಹೇಳಿಕೆ ನಿಲ್ಲುದಿಲ್ಲ, ಆ ಮನುಷ್ಯ ಒಳಗೆ ಹೋಗ್ತಾನೆ."

ಅಲ್ಲಿಂದ ನೇರ ಕಾಲೇಜಿಗೆ. ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ಕೂತು ಇಂಟರ್ನ್‌ಶಿಪ್ಪಿನ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇಷ್ಟು. ಸೈಟ್ ಟ್ರೈನಿ, ಕಲ್ಲುಗುಂಡಿ. ಲೆವೆಲ್ ತೆಗೆದೆ, ಫುಟ್ಟಿಂಗ್ ಗುರುತು ಹಾಕಿದೆ. ಗುಡ್ಡ ಕಡಿದ ಅಂಚಿನ ಬಿರುಕನ್ನು ಅಳೆದು ತಿಳಿಸಿದೆ. ಸೈಟ್ ಇಂಜಿನಿಯರರ ಸೂಚನೆಗಳನ್ನು ಕೆಲಸಗಾರರಿಗೆ ತಲುಪಿಸಿದೆ. ಬರೆ ಜರಿದು ಕೆಲಸಗಾರರೊಬ್ಬರು ಸತ್ತಾಗ ಸ್ಥಳದಲ್ಲಿದ್ದೆ, ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದೇನೆ. ಕೊನೆಯ ಎರಡು ಸಾಲು ಬರೆಯಲು ಉಳಿದ ರೆಸ್ಯೂಮೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಗಟ್ಟಿ ಕ್ರಿಯಾಪದಗಳೇ ಇದ್ದವು, ಸರ್ ಹೇಳಿದಂತೆಯೇ.

ಪ್ಲೇಸ್‌ಮೆಂಟ್ ಸರ್ ಓದಿ ಕನ್ನಡಕ ತೆಗೆದರು. ಕೆಟ್ಟವರಲ್ಲ ಅವರು. ಮೂವತ್ತು ಮಕ್ಕಳಿಗೆ ಕೆಲಸ ಕೊಡಿಸಲು ಕಂಪೆನಿಗಳ ಬಾಗಿಲು ಕಾಯುವವರು.

"ಸಾವಿನ ಮನೆಯ ಸುದ್ದಿಯನ್ನು ರೆಸ್ಯೂಮೆಯಲ್ಲಿ ಯಾರಾದ್ರೂ ಹಾಕ್ತಾರಾ? ಪೊಲೀಸರಿಗೆ ಹೇಳಿದ್ದು ಪೊಲೀಸರ ಹತ್ರ ಇರ್ಲಿ. ಬೇಕಾದ್ರೆ ಇಂಟರ್ನ್‌ಶಿಪ್ಪನ್ನೇ ಬಿಡು, ಪ್ರಾಜೆಕ್ಟ್ ಕೆಲಸ ಹಾಕುವ."

"ಬಿಟ್ರೆ ನಾನು ಅಲ್ಲಿ ಇರ್ಲಿಲ್ಲ ಅಂತ ಆಗ್ತದೆ ಸರ್. ಅವರು ಹೇಳಿದ್ದೂ ಅದೇ."

ಅವರು ಬೆರಳಿಟ್ಟು ಒಂದು ಸಾಲು ತೋರಿಸಿದರು. "ಸೂಚನೆ ತಲುಪಿಸಿದೆ. ಇದರ ಅರ್ಥ ಗೊತ್ತುಂಟಾ ನಿನಗೆ? ನಾಳೆ ನಿನ್ನನ್ನೂ ಹಿಡಿಯಬಹುದು."

"ತಲುಪಿಸಿದ್ದು ನಾನೇ ಅಲ್ವಾ ಸರ್?" ಹೇಳಿ ಕೇಳಿ ನನ್ನ ನಾಲಿಗೆ ಉದ್ದ.

ಸರ್ಟಿಫಿಕೇಟನ್ನು ವಾಪಸು ಕಳಿಸಿ, ನಿಜವಾಗಿ ಕೆಲಸ ಮಾಡಿದ ಜಾಗ ಹಾಕಿ ಕೊಡಿ ಎಂದು ಕಂಟ್ರಾಕ್ಟರರಿಗೆ ಬರೆದೆ. ನಾನು ಯಾರು ಎಂದೇ ಗೊತ್ತಿಲ್ಲದವರ ಹಾಗೆ ಸುಮ್ಮನಾದರು. ಕಾಲೇಜಿನವರೂ ನಿಯಮ ಮೀರುವಂತಿರಲಿಲ್ಲ. ಸರ್ಟಿಫಿಕೇಟು ಇಲ್ಲ, ಮಾರ್ಕು ಇಲ್ಲ, ಇಂಟರ್ನ್‌ಶಿಪ್ ಮೊದಲಿನಿಂದ ಮಾಡಬೇಕು. ಕಾಲೇಜಿನಿಂದ ಮೊದಲೇ ಹೆಸರು ಹೋಗಿದ್ದ ಕಾರಣಕ್ಕೆ ಮಂಗಳೂರಿನ ಕಂಪೆನಿಯವರು ಸಂದರ್ಶನಕ್ಕೆ ಒಳಗೆ ಕರೆದರು. ಹಳೆಯ ರೆಸ್ಯೂಮೆ ತಪ್ಪು, ಇದು ಸರಿ ಎಂದು ಹೊಸದನ್ನು ಮೇಜಿನ ಮೇಲೆ ಇಟ್ಟೆ. ಇಬ್ಬರಿದ್ದರು. ಹಿರಿಯರು ನಿಧಾನವಾಗಿ ಓದಿ, ಕಾಗದವನ್ನು ಮಗುಚಿ ಇಟ್ಟರು.

"ನಮ್ಮ ಸೈಟಿನಲ್ಲಿ ಹೀಗಾದ್ರೆ?"

"ಹೀಗೇ ಬರೀತೇನೆ ಸರ್."

ಇನ್ನೊಬ್ಬರು ನಕ್ಕರು. ಹಿರಿಯರು ನಗಲಿಲ್ಲ. ಸಂಜೆ ಓದಿದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಚಾ ತಂದವನ ಹೆಸರಿತ್ತು. ಅವನು ಪಾಪ, ನನ್ನ ಎದುರು ಖುಷಿಪಡಲೂ ಹೆದರಿದ.

ಹೊಸ ಇಂಟರ್ನ್‌ಶಿಪ್ಪಿಗೆ ಅದೇ ರೆಸ್ಯೂಮೆ ಹಿಡಿದು ಅಲೆದೆ. ಪುತ್ತೂರಿನಲ್ಲಿ ಕೇಳಿದೆ, ಸುಳ್ಯದಲ್ಲಿ ಕೇಳಿದೆ. ಓದುತ್ತಾ ಬಂದವರ ಕಣ್ಣು ಒಂದು ಕಡೆ ನಿಲ್ಲುತ್ತಿತ್ತು, ಆಮೇಲೆ ಈಗ ಕೆಲಸ ಕಮ್ಮಿ, ಮಳೆಗಾಲ ಕಳೀಲಿ ಎನ್ನುವರು. ಒಬ್ಬರು ಮಾತ್ರ ನೇರವಾಗಿ ಹೇಳಿದರು: "ಇಲ್ಲಿ ಎಲ್ಲರೂ ಬರೆ ನೆಟ್ಟಗೇ ಕಡಿಯುದು ಮಾರಾಯ್ತಿ. ನೀನು ಬಂದು ಅಳೀಲಿಕ್ಕೆ ಶುರು ಮಾಡಿದ್ರೆ ನಾವು ಅಂಗಡಿ ಮುಚ್ಚಬೇಕಷ್ಟೆ." ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಉಳಿದವರ ಮೇಲೆ ಬಂತು.

ಮಳೆಗಾಲದ ಕೊನೆಗೆ ಪೊಲೀಸರು ಕೋರ್ಟಿಗೆ ಆರೋಪಪಟ್ಟಿ ಹಾಕಿದರು. ಸೈಟ್ ಇಂಜಿನಿಯರ್ ಮತ್ತು ಕಂಟ್ರಾಕ್ಟರ್ ಇಬ್ಬರೂ ಅದರಲ್ಲಿ ಬಂದರು. ನಾನು ಸಾಕ್ಷಿ. ಆಪರೇಟರ್ ಹೆಸರನ್ನೂ ತೆಗೆಯಲಿಲ್ಲ. ಯಂತ್ರದ ಮೇಲೆ ಇದ್ದದ್ದು ಅವರೇ, ಅದನ್ನು ಕೋರ್ಟು ನೋಡುತ್ತದೆ ಎಂದರಂತೆ. ಇಷ್ಟೆಲ್ಲ ಮಾಡಿ ನಾನು ಗಳಿಸಿಕೊಟ್ಟದ್ದು, ಒಬ್ಬರೇ ಹೊರುತ್ತಿದ್ದದ್ದನ್ನು ಮೂವರು ಹೊರುವಂತೆ ಆದದ್ದು. ಅದು ದೊಡ್ಡದೋ ಚಿಕ್ಕದೋ ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಕೇಸಿನಲ್ಲಿರುವವರಿಗೆ ಯಾರೂ ಯಂತ್ರ ಕೊಡಲಿಲ್ಲ, ಆಪರೇಟರ್ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುತ್ತಿದ್ದರು. ಒಂದು ಭಾನುವಾರ ಮತ್ತೆ ಅಂಗಡಿಗೆ ಬಂದರು. ಈ ಸಲ ಸ್ಟೂಲಿನಲ್ಲಿ ಕೂತರು. ಹೆದ್ದಾರಿ ಕೆಲಸದ ಕಂಪೆನಿಯೊಂದಕ್ಕೆ ಆಪರೇಟರುಗಳು ಬೇಕಂತೆ, ಬಯೋಡಾಟ ಕೇಳಿದ್ದಾರಂತೆ. "ನಿಮಗೆ ಮಾಡಿದ ಹಾಗೆ ನನಗೂ ಒಂದು ಮಾಡಿ ಕೊಡ್ತೀರಾ ಮೇಡಂ?"

ನನ್ನ ರೆಸ್ಯೂಮೆಗೆ ಆದ ಗತಿ ಹೇಳಿದೆ. ಅವರಿಗೂ ನಗು ಬಂತು, ನನಗೂ ಬಂತು. ಆಮೇಲೆ ಲ್ಯಾಪ್‌ಟಾಪ್ ತೆರೆದೆ. ಅವರು ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ಮೊದಲು ಕ್ಲೀನರ್ ಆಗಿ ಸೇರಿದ್ದು, ಸುಬ್ರಹ್ಮಣ್ಯದ ಕಡೆ ರಸ್ತೆ ಅಗಲ ಮಾಡಿದ್ದು, ಪಂಜದಲ್ಲಿ ಕೆರೆಯ ಹೂಳೆತ್ತಿದ್ದು, ನೆಲದೊಳಗಿನ ಕೇಬಲ್ ಒಂದೂ ಕಡಿಯದೆ ಪುತ್ತೂರು ಪೇಟೆಯಲ್ಲಿ ಚರಂಡಿ ತೋಡಿದ್ದು. ನಾನು ಎಲ್ಲವನ್ನೂ ಗಟ್ಟಿ ಕ್ರಿಯಾಪದದಿಂದ ಶುರು ಮಾಡಿದೆ. ಈ ವರ್ಷಕ್ಕೆ ಬಂದಾಗ ಬೆರಳು ನಿಂತಿತು.

"ಇದನ್ನು ಬಿಡುವನಾ ಅಣ್ಣ? ಇದು ಇದ್ದರೆ ಸಿಗುದಿಲ್ಲ. ನನಗೆ ಗೊತ್ತುಂಟು."

ಅವರು ರಬ್ಬರ್ ಹಾಲಿನ ಕಲೆಯಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಅಮ್ಮ ಮೆಷಿನ್ ತುಳಿಯುವುದನ್ನು ನಿಲ್ಲಿಸಿದ್ದಳು.

"ಹಾಕಿ," ಎಂದರು.

"ಕೆಲಸ ಎಂತ ಅಂತ ಹಾಕ್ಲಿ?"

"ಕಲ್ಲುಗುಂಡಿ. ಬರೆ ಕಡಿದದ್ದು." ಆಮೇಲೆ, ನಾನು ಟೈಪು ಮಾಡಿ ಮುಗಿಸುವವರೆಗೆ ಕಾದು, "ಮೇಸ್ತ್ರಿಯನ್ನು ಹೊರಗೆ ತೆಗೆದದ್ದು," ಎಂದರು.